ಪ್ರೈವೇಟ್ ಕ್ಲಿನಿಕ್ಕಿಂದ ಟಿಬಿ ಕೇಸ್ ನೋಟಿಫೈ ಮಾಡೋದು ಹೆಂಗೆ, ಎಲ್ಲೆಲ್ಲಿ ನಿಂತೋಗತ್ತೆ

ಶಿವಮೊಗ್ಗದ ದುರ್ಗಿಗುಡೀಲಿರ್ಲಿ, ತೀರ್ಥಹಳ್ಳಿ ಪೇಟೇಲಿರ್ಲಿ, ಸೊರಬ ಹೊಸನಗರದಂಥ ಕಡೆ ಒಂದೇ ರೂಮಿನ ಕ್ಲಿನಿಕ್ ಇರ್ಲಿ, ಪ್ರೈವೇಟಲ್ಲಿ ಟಿಬಿ ನೋಡೋ ಡಾಕ್ಟ್ರುಗಳಿಗೂ ಅವರ ಕೌಂಟರಲ್ಲಿ ಕೂರೋ ನನ್ನಂಥೋರಿಗೂ ಇದನ್ನ ಬರೀತಿದೀನಿ. ನಾನು ಡಾಕ್ಟ್ರಲ್ಲ, ಒಬ್ಬರು ಫಿಸಿಷಿಯನ್ ಹತ್ರ ಟೋಕನ್ ಕೊಡೋದು, ಬಿಲ್ಲು, ಫೈಲು ಇದೆಲ್ಲ ನೋಡ್ಕೊಳ್ಳೋ ಕೆಲಸ, ಅದರ ಜೊತೆಗೆ ನಮ್ಮ ಕ್ಲಿನಿಕ್ಕಿನ ಟಿಬಿ ಕೇಸುಗಳನ್ನ ನಿಕ್ಷಯ್ ಪೋರ್ಟಲ್ಲಿಗೆ, ಅಂದ್ರೆ ಟಿಬಿ ಪೇಷಂಟುಗಳ ಹೆಸರು ಸೇರ್ಸೋ ಸರ್ಕಾರಿ ವೆಬ್‌ಸೈಟಿಗೆ, ಹಾಕೋದೂ ನಂದೇ. ನೋಟಿಫೈ ಮಾಡೋದು ಅಂದ್ರೆ ಇದೇ. ಹಂಗಾಗಿ ಯಾವ ಮಾತ್ರೆ ಎಷ್ಟು ಅನ್ನೋದು ಇಲ್ಲಿ ಬರಲ್ಲ, ಅದು ಡಾಕ್ಟ್ರು ವಿಷಯ. ಚೀಟೀಲಿ ಟಿಬಿ ಔಷಧಿ ಬರೆದ ಮೇಲೆ ಆ ಕೇಸು ಆರೋಗ್ಯ ಇಲಾಖೆಯ ಲೆಕ್ಕಕ್ಕೆ ಸೇರೋ ತನಕ ದಾರೀಲಿ ಏನೇನು ಅಡ್ಡ ಬರತ್ತೆ, ಅದನ್ನ ಹೆಂಗೆ ದಾಟ್ಬೋದು, ಅಷ್ಟೇ.

ನಂಗೆ ಅನ್ಸಿದ್ದನ್ನ ಮೊದಲೇ ಹೇಳ್ಬಿಡ್ತೀನಿ. ಎಲ್ಲರೂ ಪೋರ್ಟಲ್ ಸರಿ ಇಲ್ಲ, ಟೈಮ್ ಇಲ್ಲ ಅಂತ ಬೈತಾರೆ, ಅದೂ ಇದೆ, ಇಲ್ಲ ಅಂತಲ್ಲ. ಆದ್ರೆ ಕೇಸು ನೋಟಿಫೈ ಆಗತ್ತೋ ಇಲ್ವೋ ಅನ್ನೋದು ತೀರ್ಮಾನ ಆಗೋದು ಪೇಷಂಟು ಚೀಟಿ ಹಿಡ್ಕೊಂಡು ಡಾಕ್ಟ್ರ ರೂಮಿಂದ ಹೊರಗೆ ಬಂದು ಮೆಡಿಕಲ್ ಶಾಪ್ ಕಡೆ ತಿರುಗೋದರೊಳಗೆ. ಆ ಹೊತ್ತಲ್ಲಿ ಯಾರಾದ್ರೂ ಅವರನ್ನ ಕೂರ್ಸಿ ಮಾತಾಡಿದ್ರೆ ಕೆಲಸ ಆಯ್ತು. "ನಾಳೆ ಹಾಕಣ, ಫೈಲ್ ಅಲ್ಲೇ ಇಡು" ಅಂದ್ರೆ ಮುಗೀತು, ಆ ಫೈಲು ಮತ್ತೆ ಕೈಗೆ ಸಿಗಲ್ಲ, ಸಿಕ್ಕಿದ್ರೂ ಫೋನ್ ನಂಬರ್ ಸ್ವಿಚ್ ಆಫ್ ಇರತ್ತೆ.

ಕಾನೂನು ಏನು ಹೇಳತ್ತೆ ಅನ್ನೋದು ಬೇಗ ಹೇಳಿ ಮುಗಿಸ್ತೀನಿ. 2012ರ ಮೇ 7ರಂದು ಕೇಂದ್ರ ಸರ್ಕಾರ ಟಿಬೀನ ನೋಟಿಫೈ ಮಾಡ್ಲೇಬೇಕಾದ ರೋಗ ಅಂತ ಆದೇಶ ಮಾಡ್ತು, ನಿಕ್ಷಯ್ ಪೋರ್ಟಲ್ ಬಂದಿದ್ದೂ ಅದೇ ವರ್ಷ. ಆಮೇಲೆ 2018ರ ಮಾರ್ಚಲ್ಲಿ ಗೆಜೆಟ್ ಹೊರಡಿಸಿ ಡಾಕ್ಟ್ರು, ಆಸ್ಪತ್ರೆ, ಲ್ಯಾಬು, ಮೆಡಿಕಲ್ ಶಾಪು ಎಲ್ಲರನ್ನೂ ಅದರೊಳಗೆ ತಂದ್ರು, ಮಾಡದಿದ್ರೆ ಐಪಿಸಿ 269, 270 ಅಂತ ಸೇರಿಸಿದ್ರು. ಈಗ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿರೋದ್ರಿಂದ ಅದೇ ಸೆಕ್ಷನ್‌ಗಳು 271, 272 ಆಗಿವೆ, ಒಂದಕ್ಕೆ ಆರು ತಿಂಗಳವರೆಗೆ, ಇನ್ನೊಂದಕ್ಕೆ ಎರಡು ವರ್ಷದವರೆಗೆ ಶಿಕ್ಷೆ.

ಆದ್ರೆ ಜೈಲಿನ ಮಾತು ಎತ್ತಿದ್ರೆ ಕೆಲಸ ಕೆಡತ್ತೆ ಅನ್ನೋದು ನನ್ನ ಅನುಭವ. ಯಾಕಂದ್ರೆ ಇಷ್ಟು ವರ್ಷ ಒಂದೂ ಹಾಕದೇ ಇರೋ ಡಾಕ್ಟ್ರಿಗೆ ಮೊದಲು ಬರೋ ಯೋಚನೆ ಏನು ಗೊತ್ತಾ, "ಈಗ ಒಂದು ಕೇಸ್ ಹಾಕಿದ್ರೆ ಹಿಂದಿಂದೆಲ್ಲ ಎಲ್ಲಿ ಅಂತ ಕೇಳ್ತಾರೆ, ಸುಮ್ನೆ ಯಾಕೆ ಅವರ ಕಣ್ಣಿಗೆ ಬೀಳೋದು". ಹಂಗೆ ಹೆದರಿಕೆ ಇರೋರಿಗೆ ಒಂದೇ ಮಾತು ಹೇಳ್ತೀನಿ, ಇವತ್ತು ಯಾರಿಗೆ ಔಷಧಿ ನಡೀತಿದೆಯೋ ಅವರಿಂದ ಶುರು ಮಾಡಿ. ಮೂರು ತಿಂಗಳ ಹಿಂದೆ ಶುರುವಾದ ಕೇಸಾದ್ರೂ ಸರಿ, ಇನ್ನೂ ನಿಮ್ಮ ಹತ್ರಾನೇ ಬರ್ತಿದ್ರೆ ಹಾಕಿ. ಇಲಾಖೆಯ ಟಿಬಿ ಯೂನಿಟ್ಟಿನ ಎಸ್‌ಟಿಎಸ್‌ಗೆ, ಅಂದ್ರೆ ಸೀನಿಯರ್ ಟ್ರೀಟ್‌ಮೆಂಟ್ ಸೂಪರ್‌ವೈಸರಿಗೆ, ಬೇಕಾಗಿರೋದು ಪೇಷಂಟು, ನಿಮ್ಮ ಹಳೇ ಲೆಕ್ಕ ಅಲ್ಲ.

"ಲ್ಯಾಬ್‌ನೋರು ಹಾಕ್ತಾರಲ್ಲ"

ನಾನು ಕೇಳಿರೋ ಕಾರಣಗಳಲ್ಲಿ ಇದೇ ಜಾಸ್ತಿ. ಡಾಕ್ಟ್ರು ಅಂದ್ಕೊಳ್ತಾರೆ ಕಫ ಪಾಸಿಟಿವ್ ಬಂದಿದ್ದು ಲ್ಯಾಬಲ್ಲಿ, ಅವರೇ ಹಾಕಿರ್ತಾರೆ ಅಂತ. ಲ್ಯಾಬ್‌ನೋರು ಅಂದ್ಕೊಳ್ತಾರೆ ಟ್ರೀಟ್‌ಮೆಂಟ್ ಮಾಡೋರು ಅವರು, ಅವರೇ ಹಾಕ್ಬೇಕು ಅಂತ. ಎಂಬಿಬಿಎಸ್ ಡಾಕ್ಟ್ರು ಅಂದ್ಕೊಳ್ತಾರೆ ಚೆಸ್ಟ್ ಸ್ಪೆಷಲಿಸ್ಟಿಗೆ ಕಳ್ಸಿದೀನಿ ಅವರು ನೋಡ್ಕೋತಾರೆ ಅಂತ, ಸ್ಪೆಷಲಿಸ್ಟು ಒಂದು ಸಲ ನೋಡಿ ಔಷಧಿ ಬರೆದು "ಊರಲ್ಲೇ ನಿಮ್ಮ ಡಾಕ್ಟ್ರಿಗೆ ತೋರ್ಸ್ಕೊಳಿ" ಅಂತ ವಾಪಸ್ ಕಳ್ಸಿರ್ತಾರೆ. ನಾಲ್ಕು ಜನರ ಕೈ ದಾಟಿದ ಪೇಷಂಟು ನಾಲ್ಕೂ ಕಡೆ ಲೆಕ್ಕಕ್ಕೆ ಸಿಗಲ್ಲ.

ಇದಕ್ಕೆ ಪರಿಹಾರ ಸುಲಭ ಇದೆ. ಯಾರು ಔಷಧಿ ಶುರು ಮಾಡ್ತಾರೋ ಅವರು ಹಾಕೋದು, ಬೇರೆಯೋರು ಹಾಕಿದಾರೆ ಅನ್ನೋ ನಂಬಿಕೆ ಮೇಲೆ ಬಿಡೋದು ಬೇಡ. ಎರಡು ಸಲ ಆದ್ರೆ ಏನಾಗತ್ತೆ ಅಂತ ಕೇಳ್ತಾರೆ, ಏನೂ ಆಗಲ್ಲ, ಹಾಕೋ ಮುಂಚೆ ಪೇಷಂಟಿನ ಫೋನ್ ನಂಬರ್ ಹೊಡೆದು ಹುಡುಕಿ, ಮೊದಲೇ ಇದ್ರೆ ಸಿಗತ್ತೆ, ಅದೇ ಐಡಿಯಲ್ಲಿ ಮುಂದುವರೆಸ್ಬೋದು. ಅಕಸ್ಮಾತ್ ಎರಡು ಐಡಿ ಆದ್ರೂ ಎಸ್‌ಟಿಎಸ್‌ಗೆ ಒಂದು ಮಾತು ಹೇಳಿದ್ರೆ ಸರಿಪಡಿಸ್ತಾರೆ. ಒಂದೂ ಇಲ್ಲದಿರೋಕ್ಕಿಂತ ಎರಡು ಇರೋದು ವಾಸಿ.

ಇದರ ಪಕ್ಕದಲ್ಲೇ ಇನ್ನೊಂದು ಅನುಮಾನ ಇರತ್ತೆ, ಕಫದಲ್ಲಿ ಬಂದಿಲ್ಲ, ಹಂಗಾಗಿ ಹಾಕೋ ಹಂಗಿಲ್ಲ ಅಂತ. ತಪ್ಪು. ಕುತ್ತಿಗೆ ಗಂಟಿನ ಟಿಬಿ, ಪಕ್ಕೆಯಲ್ಲಿ ನೀರು ತುಂಬಿರೋದು, ಬೆನ್ನುಮೂಳೆದು, ಹೊಟ್ಟೇದು, ಮಕ್ಕಳ ಟಿಬಿ, ಇದೆಲ್ಲದರಲ್ಲೂ ಕಫ ಎಲ್ಲಿಂದ ತರ್ತೀರಾ. ಎಕ್ಸ್‌ರೇ, ಲಕ್ಷಣ, ಬಯಾಪ್ಸಿ ನೋಡಿ ಡಾಕ್ಟ್ರು ಟಿಬಿ ಅಂತ ತೀರ್ಮಾನ ಮಾಡಿ ಪೂರ್ತಿ ಕೋರ್ಸ್ ಶುರು ಮಾಡಿದ್ರೆ ಅದು ನೋಟಿಫೈ ಮಾಡೋ ಕೇಸೇ, ಫಾರ್ಮಲ್ಲಿ ಅದಕ್ಕೆ ಬೇರೆ ಆಯ್ಕೆಯೇ ಇದೆ, ಕ್ಲಿನಿಕಲಿ ಡಯಾಗ್ನೋಸ್ಡ್ ಅಂತ. "ಸುಮ್ನೆ ಎಕೆಟಿ (ಟಿಬಿ ಮಾತ್ರೆ) ಕೊಟ್ಟು ನೋಡಣ" ಅಂತ ಶುರು ಮಾಡಿರೋ ಕೇಸುಗಳೇ ಎಲ್ಲಕ್ಕಿಂತ ಜಾಸ್ತಿ ತಪ್ಪಿಸ್ಕೊಳ್ಳೋದು, ಯಾಕಂದ್ರೆ ಡಾಕ್ಟ್ರಿಗೇ ಗ್ಯಾರಂಟಿ ಇರಲ್ಲ. ಹಂಗಿದ್ದಾಗ ಔಷಧಿ ಶುರು ಮಾಡೋಕೆ ಮುಂಚೆ ಕಫಾನೋ ನೀರೋ ಗಂಟಿಂದ ತೆಗೆದಿದ್ದೋ ಒಂದು ಸ್ಯಾಂಪಲ್ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಅನ್ನೋ ಟಿಬಿ ಪತ್ತೆ ಟೆಸ್ಟಿಗೆ ಕಳ್ಸಿ, ಪ್ರೈವೇಟ್ ಪೇಷಂಟಿಗೂ ಸರ್ಕಾರಿ ಕಡೆ ಅದು ಫ್ರೀ. ರಿಫಾಂಪಿಸಿನ್ ಅನ್ನೋ ಮುಖ್ಯ ಟಿಬಿ ಔಷಧಿಗೆ ಬಗ್ಗತ್ತಾ ಇಲ್ವಾ ಅನ್ನೋದೂ ಅದರಲ್ಲೇ ಗೊತ್ತಾಗತ್ತೆ. ಬಗ್ಗದಿರೋ ಟಿಬಿಗೆ ಮಾಮೂಲಿ ಮಾತ್ರೆ ಕೊಡ್ತಾ ಕೂತ್ರೆ ಆ ಮನುಷ್ಯನ ಆರು ತಿಂಗಳು ನೀರಲ್ಲಿ ಹೋಮ, ಮನೆಯೋರಿಗೂ ಅದೇ ಗಟ್ಟಿ ಟಿಬಿ ಹಂಚಿದಂಗೆ.

ಮುಂದೆ ಅದು ಟಿಬಿ ಅಲ್ಲ ಅಂತ ಗೊತ್ತಾದ್ರೆ ಎಸ್‌ಟಿಎಸ್‌ಗೆ ತಿಳಿಸಿ ಸರಿ ಮಾಡಿಸ್ಬೋದು. ಆ ಅನುಮಾನಕ್ಕೆ ಹಾಕದೇ ಕೂರೋದು ಬೇಡ.

ಪೇಷಂಟು ಕೈ ಬಿಟ್ಟು ಹೋಗ್ತಾರೆ ಅನ್ನೋ ಭಯ

ಇದನ್ನ ಯಾರೂ ಬಾಯ್ಬಿಟ್ಟು ಹೇಳಲ್ಲ, ಆದ್ರೆ ಇದೆ. ಹೆಸರು ಕೊಟ್ಟ ಕೂಡ್ಲೇ ಸರ್ಕಾರಿಯೋರು ಬಂದು "ಅಲ್ಯಾಕೆ ದುಡ್ಡು ಕೊಡ್ತೀರಾ, ನಮ್ಮತ್ರ ಫ್ರೀ ಇದೆ ಬನ್ನಿ" ಅಂತ ಕರ್ಕೊಂಡು ಹೋಗ್ತಾರೆ ಅಂತ. ಹಿಂದೆ ಹಂಗೆ ಆಗಿದ್ದನ್ನ ನೋಡಿರೋ ಡಾಕ್ಟ್ರುಗಳಿದಾರೆ, ಅವರ ಸಿಟ್ಟು ಸುಳ್ಳಲ್ಲ. ನಿಯಮ ಏನಂದ್ರೆ, ನೋಟಿಫೈ ಮಾಡಿದ್ರೂ ಪೇಷಂಟು ನಿಮ್ಮವರೇ, ಟ್ರೀಟ್‌ಮೆಂಟ್ ನಿಮ್ಮದೇ. ಇಲಾಖೆಯಿಂದ ಬರೋದು ಉಳಿದ ಕೆಲಸಕ್ಕೆ, ಅಂದ್ರೆ ಮನೆಯೋರ ತಪಾಸಣೆ, ಎಚ್‌ಐವಿ ಮತ್ತೆ ಶುಗರ್ ಟೆಸ್ಟ್ ಆಗಿದ್ಯಾ ನೋಡೋದು, ಮಾತ್ರೆ ಬಿಟ್ಟಿಲ್ಲ ತಾನೆ ಅಂತ ವಿಚಾರಿಸೋದು. ನಿಮಗೆ ಬೇಕಂದ್ರೆ ಸರ್ಕಾರದ ಫ್ರೀ ಮಾತ್ರೇನೇ ತರಿಸ್ಕೊಂಡು ನಿಮ್ಮ ಕ್ಲಿನಿಕ್ಕಿಂದಲೇ ಕೊಡೋಕೂ ಅವಕಾಶ ಇದೆ, ಬಡವರಿಗೆ ಇದು ದೊಡ್ಡ ಸಹಾಯ.

ಮೊದಲನೇ ಕೇಸ್ ಹಾಕೋ ಮುಂಚೆ ನಿಮ್ಮ ಟಿಬಿ ಯೂನಿಟ್ಟಿನ ಎಸ್‌ಟಿಎಸ್ ಯಾರು ಅಂತ ತಿಳ್ಕೊಂಡು ಒಂದು ಸಲ ಕ್ಲಿನಿಕ್ಕಿಗೇ ಕರೆಸಿ ಡಾಕ್ಟ್ರ ಎದುರಲ್ಲೇ ಮಾತಾಡ್ಸಿ ಅಂತ ನಾನು ಹೇಳೋದು. ಮೂರು ವಿಷಯ ಖಡಕ್ಕಾಗಿ ಮಾತಾಡ್ಕೊಳ್ಳಿ. ಪೇಷಂಟಿನ ಮನೆಗೆ ಹೋಗೋ ಮುಂಚೆ ಫೋನ್ ಮಾಡ್ಬೇಕು, ಔಷಧಿ ಬದಲಾಯಿಸೋ ಮಾತೇನಾದ್ರೂ ಇದ್ರೆ ಡಾಕ್ಟ್ರಿಗೆ ಹೇಳ್ಬೇಕು, ಪೇಷಂಟಿನ ಮುಂದೆ ಡಾಕ್ಟ್ರ ಬಗ್ಗೆ ಹಗುರವಾಗಿ ಮಾತಾಡ್ಬಾರ್ದು. ನಮ್ಮಲ್ಲಿ ಹಿಂಗೆ ಮಾತಾಡ್ಕೊಂಡ ಮೇಲೆ ಯಾವ ಪೇಷಂಟೂ ಕೈ ಬಿಟ್ಟು ಹೋಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಎರಡು ತಿಂಗಳಾದ ಮೇಲೆ ಹುಷಾರಾಯ್ತು ಅಂತ ಮಾತ್ರೆ ಬಿಟ್ಟು ನಾಪತ್ತೆಯಾದೋರನ್ನ ಹುಡುಕಿ ನಮ್ಮ ಹತ್ರಾನೇ ವಾಪಸ್ ಕರ್ಕೊಂಡು ಬಂದಿದ್ದು ಅವರೇ, ನಾವು ಎಷ್ಟು ಫೋನ್ ಮಾಡಿದ್ರೂ ಎತ್ತಿರ್ಲಿಲ್ಲ.

ಪೇಷಂಟಿನ ಜೊತೆ ಮಾತು

ಇದಕ್ಕೆ ಜಾಸ್ತಿ ಜಾಗ ತಗೋತೀನಿ, ಯಾಕಂದ್ರೆ ಎಲ್ಲಾ ಇರೋದು ಇಲ್ಲೇ.

ಮೊದಲು ಡಾಕ್ಟ್ರು ಪೇಷಂಟಿಗೆ ಟಿಬಿ ಅಂತ ಹೇಳಿರ್ಬೇಕು. ಎಷ್ಟೋ ಕಡೆ ಫೈಲಲ್ಲಿ ಕಾಕ್ಸ್ (ಟಿಬಿಗೆ ಡಾಕ್ಟ್ರುಗಳು ಬಳಸೋ ಇನ್ನೊಂದು ಹೆಸರು) ಅಂತ ಬರೆದಿರ್ತಾರೆ, ಬಾಯಲ್ಲಿ "ಶ್ವಾಸಕೋಶದ ಇನ್‌ಫೆಕ್ಷನ್ನು, ಆರು ತಿಂಗಳು ಮಾತ್ರೆ ತಗೊಳ್ಳಿ" ಅಂದಿರ್ತಾರೆ, ನೊಂದ್ಕೋತಾರೆ ಅನ್ನೋ ಕನಿಕರದಿಂದಾನೇ. ಆದ್ರೆ ಆಮೇಲೆ ಕೌಂಟರಲ್ಲಿ ಕೂತಿರೋನು ಯಾವ ಬಾಯಲ್ಲಿ ನಿಮ್ಮ ಹೆಸರು ಟಿಬಿ ಲಿಸ್ಟಿಗೆ ಹಾಕ್ತೀನಿ ಅನ್ನೋದು, ಟಿಬಿ ಯೂನಿಟ್ಟಿಂದ ಫೋನ್ ಹೋದಾಗ ಪೇಷಂಟು ಹೌಹಾರಿ ನಮ್ಮ ಮೇಲೆ ಬರ್ತಾರೆ. ಹಂಗಾಗಿ ರೋಗದ ಹೆಸರು ಒಳಗೆ, ಡಾಕ್ಟ್ರ ಬಾಯಿಂದಾನೇ ಬರ್ಬೇಕು, ಅದರ ಜೊತೆಗೇ "ಪೂರ್ತಿ ವಾಸಿಯಾಗತ್ತೆ, ಹೊರಗೆ ಕೂತಿರೋರು ನಿಮ್ಮ ಹೆಸರು ಬರ್ಕೋತಾರೆ, ನಾನೇ ಹೇಳಿದೀನಿ" ಅನ್ನೋ ಒಂದು ಮಾತು ಸಾಕು. ಡಾಕ್ಟ್ರು ಹೇಳಿದ್ದಾದ್ರೆ ಹತ್ತರಲ್ಲಿ ಒಂಬತ್ತು ಜನ ತಕರಾರು ತೆಗೆಯಲ್ಲ.

ತಕರಾರು ಬಂದ್ರೆ ಅದು ಎಂಥದ್ದಿರತ್ತೆ ಅಂತ ಒಂದು ಹೇಳ್ತೀನಿ. ಹೊಸನಗರದ ಕಡೆಯಿಂದ ಒಬ್ಬ ಅಕ್ಕ ಬಂದಿದ್ರು, ಅಡಿಕೆ ಸೀಸನ್ನಲ್ಲಿ ಸುಲಿಯೋಕೆ ಹೋಗೋರು, ದಸರಾ ಹೊತ್ತಿಗೆ ಶುರುವಾದ ಕೆಮ್ಮು ಬಿಟ್ಟಿರ್ಲಿಲ್ಲ. ಕಫ ಪಾಸಿಟಿವ್. ಜೊತೇಲಿ ಮೈದುನ ಬಂದಿದ್ದ. ಹೆಸರು ಬರ್ಕೋತೀನಿ ಅಂದ ಕೂಡ್ಲೇ ಅವನು, "ಬ್ಯಾಡ ಮಾರಾಯ್ರೆ, ಊರಿಗೆ ಜೀಪ್ ಬಂದ್ರೆ ಮುಗೀತು, ಎಲ್ಲ ಎಂತಕ್ಕೆ ಬಂತು ಅಂತ ಕೇಳ್ತಾರೆ" ಅಂದ. ಆಯಮ್ಮ ಮೆತ್ತಗೆ ಹೇಳಿದ್ದು ಬೇರೆ, "ಸುಲಿಯೋಕೆ ಕರೆಯೋದಿಲ್ಲ ಆಮೇಲೆ".

ಈ ಮಾತನ್ನ ತಳ್ಳಿಹಾಕೋ ಹಂಗಿಲ್ಲ. ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ರಾತ್ರಿ ಹತ್ತು ಹನ್ನೊಂದರ ತನಕ ಒಂದೇ ಲೈಟಿನಡಿ ಸುಲಿಯೋ ಕೆಲಸ ಅದು, ಸೀಸನ್ನಿನ ಕೂಲೀಲಿ ವರ್ಷದ ಅರ್ಧ ಸಂಸಾರ ನಡೆಯತ್ತೆ. ಅವರ ಹೆದರಿಕೆ ನಿಜ. ಮುಚ್ಚಿದ ಮನೆಯೊಳಗೆ ಅಷ್ಟು ಜನ ಒಟ್ಟಿಗೆ ಕೂತಿರೋ ಜಾಗದಲ್ಲಿ ಕೆಮ್ಮು ಹರಡೋದೂ ಅಷ್ಟೇ ನಿಜ. ನಾನು ಹೇಳಿದ್ದು ಇಷ್ಟು, "ಅಕ್ಕಾ, ಜೀಪ್ ಬರಲ್ಲ, ಮೊದಲು ಫೋನ್ ಬರತ್ತೆ, ಯಾವ ದಿನ ಎಲ್ಲಿ ಸಿಗೋದು ಅಂತ ನೀವೇ ಹೇಳಿ, ಮನೆಗೆ ಬ್ಯಾಡ ಅಂದ್ರೆ ಆಸ್ಪತ್ರೆ ಹತ್ರಾನೇ ಸಿಗಿ. ನಿಮ್ಮನೇಲಿ ಸಣ್ಣ ಮಕ್ಕಳಿದಾವಾ?" ಮೈದುನನ ಮಗು ಇತ್ತು, ಮೂರು ವರ್ಷದ್ದು. ಅಲ್ಲಿಗೆ ಮೈದುನ ಸುಮ್ನಾದ. ಮನೆಯಲ್ಲಿ ಟಿಬಿ ಇರೋರ ಜೊತೆ ಇರೋ ಮಕ್ಕಳಿಗೆ, ಅದರಲ್ಲೂ ಐದು ವರ್ಷದೊಳಗಿನೋರಿಗೆ, ಬೇಗ ಹತ್ತಿ ಜೋರಾಗೋ ಅಪಾಯ ಇದೆ, ಟಿಬಿ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಬರದಂಗೆ ತಡೆಯೋ ಮಾತ್ರೆ ಫ್ರೀಯಾಗಿ ಕೊಡ್ತಾರೆ, ಈಗ ದೊಡ್ಡೋರಿಗೂ ಇದೆ, ಅದರಲ್ಲಿ ಒಂದು ಕೋರ್ಸು ವಾರಕ್ಕೊಂದು ಸಲದಂಗೆ ಬರೀ 12 ಡೋಸು. ಇದನ್ನ ಹೇಳಿದ್ದಕ್ಕೆ ಮೈದುನ ತಾನೇ ಫೋನ್ ನಂಬರ್ ಕೊಟ್ಟ, ಅಕ್ಕಂದಲ್ಲ, ತನ್ನದು, ಮನೇಲಿ ಯಾರು ಎತ್ತಿದ್ರೂ ತೊಂದ್ರೆಯಾಗ್ಬಾರ್ದು ಅಂತ. ಎಸ್‌ಟಿಎಸ್‌ಗೆ ನಾನು ಅದೇ ನಂಬರಿಗೇ ಮಾಡಿ, ಸಂಜೆ ಮೇಲೆ ಮಾಡಿ ಅಂತ ಹೇಳಿದೆ, ಹಂಗೇ ಮಾಡಿದ್ರು.

ಅಕ್ಕ ಕೆಲಸದ ಬಗ್ಗೆ ಮತ್ತೆ ಕೇಳಿದಾಗ ಡಾಕ್ಟ್ರೇ ಹೊರಗೆ ಬಂದು ಹೇಳಿದ್ರು, ಔಷಧಿ ಸರಿಯಾಗಿ ಹತ್ತಿದ್ರೆ ಶುರುವಿನ ಕೆಲವು ವಾರದಲ್ಲೇ ಹರಡೋದು ತುಂಬಾ ಕಮ್ಮಿಯಾಗತ್ತೆ, ಆಗ ಮತ್ತೆ ಕಫ ನೋಡಿ ಕೆಲಸಕ್ಕೆ ಹೋಗೋದು ಹೇಳ್ತೀನಿ, ಅಲ್ಲಿ ತನಕ ಬಾಯಿಗೆ ಬಟ್ಟೆ, ಕಿಟಕಿ ತೆಗೆದಿಡೋದು, ಸುಲಿಯೋಕೆ ಹೋಗೋದು ಬ್ಯಾಡ ಅಂತ. ಮೂತ್ರ ಕೆಂಪಗೆ ಹೋದ್ರೆ ಗಾಬರಿ ಬೀಳ್ಬೇಡಿ, ಅದು ಮಾತ್ರೆ ಬಣ್ಣ ಅಂತಲೂ. ಇಂಥ ಸಣ್ಣ ಮಾತು ಮೊದಲೇ ಹೇಳದೇ ಇದ್ರೆ ಮೂರನೇ ದಿನ ಮಾತ್ರೆ ಬಿಡ್ತಾರೆ.

ದುಡ್ಡಿನ ವಿಷಯ ನಾನು ಕೊನೇಲಿ ಹೇಳ್ತೀನಿ, ಮೊದಲೇ ಹೇಳಿದ್ರೆ ಏನೋ ಆಸೆ ತೋರ್ಸಿ ಹೆಸರು ಬರೆಸ್ಕೊಳ್ತಿದಾರೆ ಅಂತ ಅನುಮಾನ ಪಡ್ತಾರೆ. ಪೇಷಂಟಿನ ಊಟಕ್ಕೆ ಸರ್ಕಾರ ದುಡ್ಡು ಕೊಡೋ ನಿಕ್ಷಯ್ ಪೋಷಣ್ ಯೋಜನೆ 2018ರ ಏಪ್ರಿಲಲ್ಲಿ ಶುರುವಾದಾಗ ತಿಂಗಳಿಗೆ 500 ಇತ್ತು, 2024ರ ನವೆಂಬರಿಂದ 1000 ಆಗಿದೆ, ಆರು ತಿಂಗಳಿಗೆ 3000ದ ಎರಡು ಕಂತು ಪೇಷಂಟಿನ ಖಾತೆಗೆ. ಪ್ರೈವೇಟಲ್ಲಿ ತೋರ್ಸೋರಿಗೂ ಬರತ್ತೆ, ಆದ್ರೆ ನಿಕ್ಷಯ್‌ನಲ್ಲಿ ಹೆಸರಿಲ್ಲದೋರಿಗೆ ಹೆಂಗೆ ಬರತ್ತೆ? ನೀವು ಹಾಕದೇ ಬಿಟ್ಟ ಒಂದೊಂದು ಕೇಸಿಗೂ ಅವರ ಮೊಟ್ಟೆ ಹಾಲಿನ ಆರು ಸಾವಿರ ತಪ್ಪಿಸಿದಂಗೆ, ಇದನ್ನ ಡಾಕ್ಟ್ರುಗಳು ದಯವಿಟ್ಟು ಯೋಚನೆ ಮಾಡ್ಬೇಕು. ಮಂಗಳೂರಿನ ಯೆನಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತೆ ಅವರ ತಂಡ ಜಾರ್ಖಂಡಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂತು, ಟಿಬಿ ಪೇಷಂಟಿನ ಮನೆಯೋರಿಗೂ ಒಳ್ಳೆ ರೇಷನ್ ಕೊಟ್ಟಿದ್ದಕ್ಕೆ ಆ ಮನೆಗಳಲ್ಲಿ ಹೊಸ ಟಿಬಿ ಸುಮಾರು ಶೇಕಡ 40 ಕಮ್ಮಿಯಾಯ್ತು. ಊಟ ಅಂದ್ರೆ ಅಷ್ಟು ದೊಡ್ಡ ಔಷಧಿ.

ಆಧಾರ್ ತಂದಿಲ್ಲ, ಪಾಸ್‌ಬುಕ್ ತಂದಿಲ್ಲ ಅಂತ ನೋಟಿಫೈ ಮಾಡೋದನ್ನ ನಿಲ್ಲಿಸ್ಬೇಡಿ. ಖಾತೆ ವಿವರ ಬೇಕಾಗೋದು ದುಡ್ಡಿಗೆ, ಅದನ್ನ ಮುಂದಿನ ಸಲ ಬಂದಾಗ ಸೇರಿಸ್ಬೋದು.

ಗುಟ್ಟು ಹೊರಗೆ ಹಾಕಿದಂಗೆ ಆಗಲ್ವಾ ಅಂತ ಕೆಲವು ಡಾಕ್ಟ್ರು ಮನಸ್ಸಲ್ಲಿ ಒದ್ದಾಡ್ತಾರೆ, ಪೇಷಂಟಿನ ವಿಷಯ ಮೂರನೆಯೋರಿಗೆ ಹೇಳ್ಬಾರ್ದು ಅನ್ನೋದು ಅವರ ವೃತ್ತಿಧರ್ಮ. ಅದಕ್ಕೆ ಉತ್ತರ ಅವರ ನಿಯಮದಲ್ಲೇ ಇದೆ. ಮೆಡಿಕಲ್ ಕೌನ್ಸಿಲ್‌ನ 2002ರ ವೃತ್ತಿ ನಡತೆ ನಿಯಮಾವಳಿಯ 7.14ರಲ್ಲಿ ಗುಟ್ಟು ಬಿಡ್ಬಾರ್ದು ಅಂತ ಹೇಳಿ, ಅಲ್ಲೇ ಮುಂದೆ ನೋಟಿಫೈ ಮಾಡೋ ರೋಗಗಳ ವಿಷಯದಲ್ಲಿ ಆರೋಗ್ಯ ಅಧಿಕಾರಿಗಳಿಗೆ ತಕ್ಷಣ ತಿಳಿಸ್ಬೇಕು ಅಂತ ಬರೆದಿದೆ. ಗುಟ್ಟು ಹೊರಗೆ ಬೀಳೋದು ಪೋರ್ಟಲ್ಲಿಂದಲ್ಲ, ನಮ್ಮ ಕೌಂಟರಿಂದ. ಹತ್ತು ಜನ ಕಾಯ್ತಾ ಕೂತಿರೋ ಹಾಲಲ್ಲಿ "ಏ, ಆ ಟಿಬಿ ಪೇಷಂಟಿನ ಫೈಲ್ ಕೊಡು" ಅಂತ ಕೂಗೋದು, ಅದಕ್ಕಿಂತ ಕ್ರೂರ ಇನ್ನೊಂದಿಲ್ಲ. ನಮ್ಮಲ್ಲಿ ಇಸಿಜಿ ಮಾಡೋ ಸಣ್ಣ ರೂಮಿಗೆ ಕರ್ಕೊಂಡು ಹೋಗಿ ಬರ್ಕೋತೀವಿ. ವಾಟ್ಸಾಪ್ ಗ್ರೂಪಲ್ಲಿ ರಿಪೋರ್ಟ್ ಫೋಟೋ ಹಾಕೋದು ಬೇಡವೇ ಬೇಡ.

ಪೋರ್ಟಲ್ ಕೆಲಸ

ನಿಕ್ಷಯ್ ಡಾಟ್ ಇನ್ ಅಂತ ಹೊಡೆದ್ರೆ ಬರತ್ತೆ, ಆ್ಯಪೂ ಇದೆ. ಮೊದಲು ಕ್ಲಿನಿಕ್ಕನ್ನ ರಿಜಿಸ್ಟರ್ ಮಾಡ್ಬೇಕು, ರಾಜ್ಯ, ಜಿಲ್ಲೆ, ಟಿಬಿ ಯೂನಿಟ್ ಆರಿಸಿ, ಕ್ಲಿನಿಕ್ಕಾ ಆಸ್ಪತ್ರೆಯಾ ಲ್ಯಾಬಾ ಮೆಡಿಕಲ್ ಶಾಪಾ ಅಂತ ಕೊಟ್ಟು, ಡಾಕ್ಟ್ರ ಹೆಸರು ಫೋನ್ ಹಾಕಿದ್ರೆ ಜಿಲ್ಲಾ ಟಿಬಿ ಆಫೀಸಿಂದ ಒಪ್ಪಿಗೆ ಆಗಿ ಲಾಗಿನ್ ಸಿಗತ್ತೆ. ಒದ್ದಾಡೋದಕ್ಕಿಂತ ಎಸ್‌ಟಿಎಸ್‌ನ ಕೂರಿಸ್ಕೊಂಡು ಮಾಡಿಸಿದ್ರೆ ಒಂದೇ ಸಲಕ್ಕೆ ಆಗತ್ತೆ. ಫೋನ್ ನಂಬರ್ ಕೊಡೋವಾಗ ಕ್ಲಿನಿಕ್ಕಲ್ಲಿ ಯಾವಾಗ್ಲೂ ಇರೋ ಫೋನಿಂದು ಕೊಡಿ, ಡಾಕ್ಟ್ರ ಪರ್ಸನಲ್ ನಂಬರಿಗೆ ಪಾಸ್‌ವರ್ಡ್ ಹೋಗಿ ಅವರು ಓಪಿಡಿ ಮಧ್ಯೆ ನೋಡದೇ ಅಲ್ಲಿಗೇ ನಿಂತಿರೋ ಕ್ಲಿನಿಕ್ಕುಗಳು ಎಷ್ಟೋ.

ಕೇಸ್ ಹಾಕೋವಾಗ ಕೇಳೋದು, ಹೆಸರು, ವಯಸ್ಸು, ಲಿಂಗ, ಫೋನ್, ವಿಳಾಸ, ಯಾವ ಭಾಗದ ಟಿಬಿ, ಹೊಸ ಕೇಸಾ ಮೊದಲು ಔಷಧಿ ತಗೊಂಡಿದ್ರಾ, ಯಾವುದರ ಮೇಲೆ ಡಯಾಗ್ನೋಸ್ ಮಾಡಿದ್ದು, ಯಾವ ದಿನ, ಔಷಧಿ ಯಾವತ್ತು ಶುರು. ಇಷ್ಟನ್ನ ಒಂದು ಅರ್ಧ ಹಾಳೇಲಿ ಪ್ರಿಂಟ್ ಮಾಡಿ ಡಾಕ್ಟ್ರ ಟೇಬಲ್ ಮೇಲೆ ಇಡಿ, ಎಕೆಟಿ ಬರೆದ ಚೀಟಿ ಜೊತೆ ಆ ಹಾಳೆ ಹೊರಗೆ ಬರ್ಬೇಕು, ರೋಗದ ಮಾಹಿತಿಯ ನಾಲ್ಕು ಟಿಕ್ ಡಾಕ್ಟ್ರು ಹಾಕಿರ್ಬೇಕು, ಉಳಿದಿದ್ದು ನಾವು ತುಂಬಿಸ್ಕೋತೀವಿ. "ಮೊದಲು ತಗೊಂಡಿದ್ರಾ" ಅನ್ನೋದನ್ನ ಮಾತ್ರ ಎರಡೆರಡು ಸಲ ಕೇಳಿ, ಐದು ವರ್ಷದ ಹಿಂದೆ ತಗೊಂಡು ಬಿಟ್ಟಿದ್ದನ್ನ ಯಾರೂ ತಾವಾಗೇ ಹೇಳಲ್ಲ.

ವಿಳಾಸದ ವಿಷಯದಲ್ಲಿ ಮಲೆನಾಡಿನೋರಿಗೆ ಒಂದು ಮಾತು. ನಮ್ಮ ಕಡೆ ಊರು ಅಂದ್ರೆ ಗುಡ್ಡಕ್ಕೊಂದು ಮನೆ, ಬರೀ ಗ್ರಾಮದ ಹೆಸರು ಪಿನ್ ಕೋಡ್ ಹಾಕಿದ್ರೆ ಯಾರಿಗೂ ಸಿಗಲ್ಲ. ಹತ್ತಿರದ ಬಸ್ ಸ್ಟಾಪು, ಯಾರ ತೋಟದ ಪಕ್ಕ, ಪಿಎಚ್‌ಸಿ ಯಾವುದು, ಗೊತ್ತಿದ್ರೆ ಆಶಾ ಕಾರ್ಯಕರ್ತೆ ಯಾರು, ಇದನ್ನ ಬರ್ಕೊಳ್ಳಿ. ಸಿಗಂದೂರು ಸೇತುವೆ 2025ರ ಜುಲೈಲಿ ಓಡಾಟಕ್ಕೆ ತೆರೆದಿರೋದ್ರಿಂದ ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಯೋರನ್ನ ಮುಟ್ಟೋದು ಮೊದಲಿನಷ್ಟು ಕಷ್ಟ ಇಲ್ಲ, ಆದ್ರೂ ವಿಳಾಸ ಸರಿ ಇದ್ರೆ ತಾನೇ. ತೋಟದ ಕೆಲಸಕ್ಕೆ ಹೊರಗಡೆಯಿಂದ ಬಂದು ಲೈನ್ ಮನೇಲಿ ಇರೋರದ್ದು ಎರಡೂ ವಿಳಾಸ ಬೇಕು, ಇಲ್ಲಿದು ಮತ್ತೆ ಅವರ ಊರಿಂದು, ಸೀಸನ್ ಮುಗಿದ ಮೇಲೆ ಅವರು ಹೊರಟ್ರೆ ಆ ಕೇಸನ್ನ ನಿಕ್ಷಯ್‌ನಲ್ಲೇ ಅವರ ಜಿಲ್ಲೆಗೆ ವರ್ಗಾಯಿಸ್ಬೋದು, ಔಷಧಿ ತಪ್ಪಲ್ಲ. ತೀರ್ಥಹಳ್ಳಿ ಕಡೆಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ತೋರ್ಸ್ಕೊಂಡು ಬಂದು ಇಲ್ಲಿ ಫಾಲೋಅಪ್ ಮಾಡಿಸ್ಕೊಳ್ಳೋರಿಗೂ ಅಷ್ಟೇ, "ಅಲ್ಲಿ ಐಡಿ ಕೊಟ್ಟಿದಾರಾ" ಅಂತ ಕೇಳಿ ಡಿಸ್ಚಾರ್ಜ್ ಸಮರಿ ನೋಡಿ, ಇದ್ರೆ ಅದನ್ನೇ ಈ ಕಡೆ ತರಿಸ್ಕೊಳ್ಳಿ, ಇಲ್ಲದಿದ್ರೆ ನೀವು ಹಾಕಿ.

ಮಳೆಗಾಲದಲ್ಲಿ ಕರೆಂಟೂ ಇಲ್ಲ ನೆಟ್ವರ್ಕೂ ಇಲ್ಲ ಅನ್ನೋದು ನಮ್ಮ ಕಡೆ ನೆಪ ಅಲ್ಲ, ನಿಜ. ಅದಕ್ಕೇ ಆ ಅರ್ಧ ಹಾಳೆ. ಅದನ್ನ ತುಂಬಿಸಿ ಎಸ್‌ಟಿಎಸ್ ಕೈಗೆ ಕೊಟ್ರೂ ಆಗತ್ತೆ, ಅವರು ಪೋರ್ಟಲ್ಲಿಗೆ ಹಾಕ್ಕೋತಾರೆ. ಯಾರನ್ನ ಕೇಳ್ಬೇಕು ಅಂತಲೇ ಗೊತ್ತಿಲ್ದಿದ್ರೆ ನಿಕ್ಷಯ್ ಸಹಾಯವಾಣಿ 1800-11-6666, ಟೋಲ್ ಫ್ರೀ.

ಮಂಗನ ಕಾಯಿಲೆ ನೋಡಿರೋ ಸೀಮೆ ನಮ್ಮದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಅದು ಗೊತ್ತಾದ ಲಾಗಾಯ್ತು, ಎಲ್ಲಾದ್ರೂ ಮಂಗ ಸತ್ತು ಬಿದ್ರೆ ಊರೋರೇ ಫೋನ್ ಮಾಡ್ತಾರೆ, ಜ್ವರದ ಕೇಸ್ ಅನುಮಾನ ಬಂದ್ರೆ ಡಾಕ್ಟ್ರು ಅದೇ ದಿನ ತಿಳಿಸ್ತಾರೆ. ತಿಳಿಸೋ ಅಭ್ಯಾಸ ನಮ್ಮಲ್ಲಿ ಇಲ್ದೇ ಏನಿಲ್ಲ. ಟಿಬಿ ನಿಧಾನಕ್ಕೆ ಕೊಲ್ಲತ್ತೆ, ಅದಕ್ಕೇ ಆ ಅವಸರ ಕಾಣ್ಸಲ್ಲ ಅಷ್ಟೇ.

ಮೆಡಿಕಲ್ ಶಾಪ್ ಮತ್ತೆ ಕೊನೇ ಎಂಟ್ರಿ

ಕ್ಲಿನಿಕ್ ಪಕ್ಕದ ಮೆಡಿಕಲ್ಸ್‌ನೋರ ಜೊತೆ ಒಳ್ಳೆ ಮಾತಿಟ್ಕೊಳ್ಳಿ. ಟಿಬಿ ಔಷಧಿಗಳು 2014ರಿಂದ ಶೆಡ್ಯೂಲ್ ಎಚ್1 ಅನ್ನೋ ಔಷಧಿ ಪಟ್ಟೀಲಿವೆ, ಚೀಟಿ ಬರೆದ ಡಾಕ್ಟ್ರ ಹೆಸರು, ಪೇಷಂಟ್ ಹೆಸರು, ಎಷ್ಟು ಕೊಟ್ರು ಅಂತ ಅವರು ರಿಜಿಸ್ಟರಲ್ಲಿ ಬರೀಲೇಬೇಕು. ತಿಂಗಳ ಕೊನೇಲಿ ನಾನು ನಮ್ಮ ಹಾಳೆಗಳನ್ನ ಹಿಡ್ಕೊಂಡು ಹೋಗಿ ಆ ರಿಜಿಸ್ಟರಿನ ಜೊತೆ ತಾಳೆ ನೋಡ್ತೀನಿ, ಅಲ್ಲಿದ್ದು ನಮ್ಮಲ್ಲಿ ಇಲ್ಲ ಅಂದ್ರೆ ಅದೇ ತಪ್ಪಿಸ್ಕೊಂಡ ಕೇಸು. ಓಪಿಡಿ ತುಂಬಿರೋ ದಿನ ಡಾಕ್ಟ್ರು ಹಾಳೆ ಕೊಡೋದು ಮರೆತಿದ್ದು ಅಲ್ಲಿ ಸಿಕ್ಕಿಬೀಳತ್ತೆ. ಇನ್ನೊಂದೂ ಗೊತ್ತಾಗತ್ತೆ, ಹೋದ ತಿಂಗಳು ತಗೊಂಡು ಈ ತಿಂಗಳು ತಗೊಳ್ಳೋಕೆ ಬರದೇ ಇರೋರು ಯಾರು ಅಂತ. ಒಂದು ತಿಂಗಳು ಪೂರ್ತಿ ಬಿಟ್ರೆ ಲೆಕ್ಕದಲ್ಲಿ ಅವರು ಔಷಧಿ ಬಿಟ್ಟೋರು ಅಂತಾಗತ್ತೆ, ಹಂಗಾಗೋ ಮುಂಚೆ, ಒಂದು ವಾರ ದಾಟಿದ ಕೂಡ್ಲೇ ನಾನು ಫೋನ್ ಮಾಡ್ತೀನಿ, ಎತ್ತಿಲ್ಲ ಅಂದ್ರೆ ಎಸ್‌ಟಿಎಸ್‌ಗೆ ಹೇಳ್ತೀನಿ.

ನೋಟಿಫೈ ಮಾಡಿದ ಪ್ರೈವೇಟ್ ಡಾಕ್ಟ್ರಿಗೆ ಒಂದು ಕೇಸಿಗೆ 500, ಟ್ರೀಟ್‌ಮೆಂಟ್ ಮುಗಿದು ಏನಾಯ್ತು ಅಂತ ಹಾಕಿದ್ರೆ ಇನ್ನೊಂದು 500 ಪ್ರೋತ್ಸಾಹಧನ ಇದೆ, ಕ್ಲಿನಿಕ್ಕಿನ ಬ್ಯಾಂಕ್ ವಿವರ ಪೋರ್ಟಲ್ಲಲ್ಲಿ ಸರಿಯಾಗಿರ್ಬೇಕು. ಆ ದುಡ್ಡನ್ನ ಈ ಕೆಲಸ ಮಾಡೋ ಸ್ಟಾಫಿಗೆ ಕೊಟ್ಬಿಡಿ ಅಂತ ನಾನು ಡಾಕ್ಟ್ರುಗಳಿಗೆ ನೇರವಾಗೇ ಹೇಳ್ತೀನಿ, ಕೌಂಟರ್ ಹುಡುಗಿ ಸಂಜೆ ಏಳರ ಬಸ್ಸು ಬಿಟ್ಟು ಕೂತು ಎಂಟ್ರಿ ಮಾಡ್ಬೇಕು ಅಂದ್ರೆ ಅದಕ್ಕೊಂದು ಬೆಲೆ ಬೇಕು.

ಆ ಕೊನೇ ಎಂಟ್ರೀನ ಬಹಳ ಜನ ಬಿಟ್ಬಿಡ್ತಾರೆ. ವಾಸಿಯಾಯ್ತಾ, ಕೋರ್ಸ್ ಮುಗೀತಾ, ಮಧ್ಯ ಬಿಟ್ರಾ, ತೀರ್ಕೊಂಡ್ರಾ, ಅದನ್ನ ಹಾಕದೇ ಇದ್ರೆ ಕೇಸು ತೆರೆದೇ ಇರತ್ತೆ. ಔಷಧಿ ಶುರುವಾದ ದಿನಾನೇ ನಾನು ಕ್ಯಾಲೆಂಡರಲ್ಲಿ ಎರಡು ಕಡೆ ಪೇಷಂಟಿನ ಐಡಿ ಬರೆದಿಡ್ತೀನಿ, ಹೆಸರಲ್ಲ ಐಡಿ ಮಾತ್ರ, ಎರಡು ತಿಂಗಳಾದಾಗ ಕಫ ಮತ್ತೆ ನೋಡ್ಬೇಕು ಅಂತ ಒಂದು, ಆರು ತಿಂಗಳಿಗೆ ಒಂದು. ಕೊನೇ ಸಲ ಬಂದಾಗ ತೂಕ ನೋಡಿ ಬರೆದು, ಕಫದ ರಿಪೋರ್ಟ್ ಹಾಕಿ, ಪಾಸ್‌ಬುಕ್ ತರ್ಸಿ ಎರಡೂ ಕಂತು ಬಂದಿದ್ಯಾ ನೋಡಿ, ಬಂದಿಲ್ಲ ಅಂದ್ರೆ ಅಲ್ಲೇ ಅವರ ಮುಂದೇನೇ ಎಸ್‌ಟಿಎಸ್‌ಗೆ ಫೋನ್ ಹಚ್ಚಿ.